ಕಸದ ತೊಟ್ಟಿಯೂ ನೆರೆಹೊರೆಯ ಧರ್ಮವೂ

ಮನೆಯನ್ನು ಗುಡಿಸಿ ಕಸವನ್ನು ಹೊರಗೆ ಹಾಕುವದು ಗೃಹಸ್ಥಧರ್ಮದ ಮೊದಲನೆಯ ಪಾಠವಾಗಿದೆ. ನಸುಕಿನಲ್ಲಿ ಎದ್ದು ಅಂಗಳವನ್ನು ಗುಡಿಸಿ, ಸಾರಿಸಿ, ರಂಗವಲ್ಲಿಯನ್ನು ಹಾಕದ ಮನೆಯಲ್ಲಿ ಲಕ್ಷ್ಮಿಯು ನಿಲ್ಲಲಾರಳೆಂದು ಹಿರಿಯರು ಹೇಳುತ್ತ ಬಂದಿರುವರು. ಈ ಉಪದೇಶದಲ್ಲಿ 'ಹೊರಗೆ' ಎಂಬ ಒಂದು ಸಣ್ಣ ಶಬ್ದವುಂಟು. ಸಣ್ಣದಾದುದರಿಂದಲೇ ಅದರ ಅರ್ಥವನ್ನು ಯಾರೂ ಕೇಳುವದಿಲ್ಲ. ಹೊರಗೆ ಎಂದರೆ ಎಲ್ಲಿ? ಒಂದು ಮನೆಯ ಹೊರಗು ಮತ್ತೊಂದು ಮನೆಯ ಮುಂಬಾಗಿಲಾಗಿರುವದು. ಒಂದು ಓಣಿಯ ಹೊರಗು ಮತ್ತೊಂದು ಓಣಿಯ ಬಾಯಿಯಾಗಿರುವದು. ಒಂದು ಪಟ್ಟಣದ ಹೊರಗು ಒಂದು ಹಳ್ಳಿಯ ಹೊಲವಾಗಿರುವದು. ಯಾರಿಗೂ ಒಳಗಲ್ಲದ ಹೊರಗು ಭೂಮಿಯ ಮೇಲೆ ಎಲ್ಲಿಯೂ ದೊರೆಯದು.

ಕಸದ ತೊಟ್ಟಿಯನ್ನು ಎಲ್ಲಿ ಇಡಬೇಕೆಂಬ ಮಾತು ಸಾಹಿತ್ಯಪತ್ರಿಕೆಯ ಪುಟಗಳಿಗೆ ಯೋಗ್ಯವಾದ ವಿಷಯವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಧರ್ಮಾಧರ್ಮವಿಚಾರವು ರಾಜ್ಯ, ಯುದ್ಧ, ಸಂನ್ಯಾಸ ಮುಂತಾದ ದೊಡ್ಡ ಸಂಗತಿಗಳಲ್ಲಿ ಮಾತ್ರ ಹುಟ್ಟುವದೆಂದು ತಿಳಿಯುವದು ತಪ್ಪು. ಯುದ್ಧದಲ್ಲಿ ಧರ್ಮವನ್ನು ಆರಿಸಿಕೊಳ್ಳುವ ಪ್ರಸಂಗವು ಕೋಟಿಗೊಬ್ಬನಿಗೆ ಒಮ್ಮೆ ಬಂದೀತು. ಕಸದ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುವ ಪ್ರಸಂಗವು ಪ್ರತಿಯೊಬ್ಬನಿಗೂ ಪ್ರತಿದಿನವೂ ಬರುವದು. ಪ್ರತಿದಿನದ ಧರ್ಮವು ಸರಿಯಾಗದೆ ಅಪರೂಪದ ಧರ್ಮವು ಸರಿಯಾಗುವದೆಂದು ನಂಬಲಿಕ್ಕೆ ಆಧಾರವಿಲ್ಲ.

ವಿಚಾರಕ್ಕೆ ಅನುಕೂಲವಾಗಲೆಂದು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಇದು ನಡೆದ ಕಥೆಯಲ್ಲ; ಆದರೆ ಎಲ್ಲಿಯಾದರೂ ನಡೆಯಬಹುದಾದದ್ದು. ಹುಬ್ಬಳ್ಳಿಯಲ್ಲಿ ಹನ್ನೆರಡು ಮನೆಗಳ ಒಂದು ವಸತಿ ಸಂಕೀರ್ಣವಿದೆಯೆಂದು ತಿಳಿಯೋಣ. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು, ಬೇರೆ ಹೊಲಸಿಗೊಂದು ಎಂದು ಮೂರು ದೊಡ್ಡ ತೊಟ್ಟಿಗಳು ಬಂದಿವೆ. ಅವನ್ನು ಎಲ್ಲಿ ಇಡಬೇಕೆಂದು ಹನ್ನೆರಡು ಮನೆಯ ಯಜಮಾನರು ಸಭೆ ಸೇರಿರುವರು. ಮುಂಭಾಗದ ಗೇಟಿನ ಹತ್ತಿರ ಇಡಬೇಕೆಂದರೆ ಅಲ್ಲಿ ವಾಸವಾಗಿದ್ದ ವಕೀಲರು ಒಪ್ಪಲಿಲ್ಲ. ಮನೆಗೆ ಬರುವ ಕಕ್ಷಿದಾರರು ಮೂಗು ಮುಚ್ಚಿಕೊಂಡು ಬರಬೇಕಾಗುವದು. ಹಿಂಭಾಗದಲ್ಲಿ ಇಡಬೇಕೆಂದರೆ ಅಲ್ಲಿ ಕೊಳವೆಬಾವಿಯಿದೆ. ಎಡಗಡೆಯಲ್ಲಿ ಇಡಬೇಕೆಂದರೆ ಅಲ್ಲಿಯ ಮನೆಯಲ್ಲಿ ದಮ್ಮಿನ ರೋಗದ ಮುದುಕಿಯಿರುವಳು. ಒಂದು ತಾಸು ವಾದವಾದ ಮೇಲೆ ಒಬ್ಬರು, ಮೆಟ್ಟಿಲ ಕೆಳಗೆ ವಾಚಮನ್ನನ ಖೋಲಿಯ ಪಕ್ಕದಲ್ಲಿ ಜಾಗವುಂಟೆಂದು ಸೂಚಿಸಿದರು. ಅರೆಕ್ಷಣದಲ್ಲಿ ಸಭೆಯು ಒಮ್ಮತಕ್ಕೆ ಬಂದಿತು. ಎಲ್ಲರೂ ಸಮಾಧಾನದಿಂದ ಚಹಾ ಕುಡಿದರು.

ಅಲ್ಲಿಯ ಒಬ್ಬ ಯಜಮಾನನ ತಂದೆಯು ದೇವಿಕೊಪ್ಪದ ಒಕ್ಕಲಿಗನು. ಭತ್ತದ ಸುಗ್ಗಿಯನ್ನು ಮುಗಿಸಿ ಮಗನ ಮನೆಗೆ ನಾಲ್ಕು ದಿನ ಇರಲಿಕ್ಕೆ ಬಂದವನು. ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿದ ಆತನು ರಾತ್ರಿ ಊಟದ ಹೊತ್ತಿಗೆ ಮಗನನ್ನು ಕೇಳಿದನು: "ತಮ್ಮಾ, ಆ ವಾಚಮನ್ನನ ಮನೀಯವರನ್ನ ಯಾರರೆ ಕೇಳಿದ್ರೇನು?"

"ಅವರನ್ನೇನ ಕೇಳೂದೈತಿ ಅಪ್ಪಾ? ಅವರು ಪಗಾರಕ್ಕ ಇರೋರು."

"ಪಗಾರ ದುಡಿಕಿಗೆ ಕೊಡ್ತೀರಪಾ, ಮೂಗಿಗೆ ಕೊಟ್ಟೀರೇನು?"

ಈ ಪ್ರಶ್ನೆಯಲ್ಲಿ ಸಮಗ್ರ ವಿಷಯವು ಅಡಗಿದೆ. ಸಭೆಯ ಒಮ್ಮತವು ನಿಜವಾದ ಒಮ್ಮತವಾಗಿರಲಿಲ್ಲ. ಯಾರ ಬಾಗಿಲಿಗೆ ಭಾರವು ಬೀಳುವದೋ ಅವರು ಸಭೆಯಲ್ಲಿ ಇಲ್ಲದ್ದರಿಂದ ಉಂಟಾದ ಮೌನವಾಗಿತ್ತು.

ದೇವಿಕೊಪ್ಪದ ಆ ಮುದುಕನಿಗೆ ಈ ಪ್ರಶ್ನೆಯು ಏಕೆ ತಟ್ಟನೆ ಹೊಳೆಯಿತೆಂಬುದನ್ನು ತಿಳಿಯಬೇಕಾದರೆ ಹಳ್ಳಿಯ ತಿಪ್ಪೆಯನ್ನು ನೆನೆಯಬೇಕು. ಕಲಘಟಗಿ ತಾಲೂಕಿನ ಈ ಊರು ಹುಬ್ಬಳ್ಳಿಯಿಂದ ಕಾರವಾರದತ್ತ ಹೋಗುವ ಹಾದಿಯಲ್ಲಿ ಅಡವಿಯ ಸೆರಗಿಗೆ ಹೊಂದಿಕೊಂಡಿದೆ. ಇಂಥ ಊರುಗಳಲ್ಲಿ ಒಕ್ಕಲುತನದ ಮನೆಗೆ ತನ್ನದೇ ತಿಪ್ಪೆಯಿರುವದು. ಸಗಣಿ, ಬೂದಿ, ಹೊಟ್ಟು, ಎಲೆ, ಮುಸುರೆ ಎಲ್ಲವೂ ಆ ಗುಂಡಿಗೆ ಬಿದ್ದು ಕೊಳೆತು, ಮಳೆಗಾಲಕ್ಕೆ ಮುಂಚೆ ಚಕ್ಕಡಿಯಲ್ಲಿ ಹೊಲಕ್ಕೆ ಹೋಗುವವು. ಹಾಕಿದವನೇ ಒಯ್ಯುವನು, ಒಯ್ದವನೇ ಅದರ ಫಲವನ್ನು ಉಣ್ಣುವನು. ಕಸವು ಹೊರಗೆ ಹೋಗುತ್ತಿರಲಿಲ್ಲ, ಸುತ್ತಿ ಮನೆಗೇ ಬರುತ್ತಿತ್ತು. ದೀಪಾವಳಿಯಲ್ಲಿ ತಿಪ್ಪೆಯ ಮೇಲೆ ಒಂದು ಹಣತೆಯನ್ನು ಹಚ್ಚಿಡುವ ಪದ್ಧತಿಯು ಕನ್ನಡನಾಡಿನ ಅನೇಕ ಹಳ್ಳಿಗಳಲ್ಲಿ ಉಂಟು. ತಿಪ್ಪೆಯನ್ನು ಹೊಲಸೆಂದು ತಿಳಿದವರು ಅದಕ್ಕೆ ದೀಪವನ್ನು ಇಡಲಾರರು.

ಆದರೆ ಗತಕಾಲವನ್ನು ಹೊಗಳುವದರಲ್ಲಿ ಒಂದು ಅಪಾಯವುಂಟು. ಒಕ್ಕಲಿಗನ ಗೊಬ್ಬರವು ಅವನ ತಿಪ್ಪೆಯಲ್ಲಿಯೇ ಉಳಿಯಿತೆಂಬುದು ನಿಜ. ಸತ್ತ ದನವು ಎಲ್ಲಿಗೆ ಹೋಯಿತು? ಪಟ್ಟಣದ ಪಾಯಖಾನೆಯ ಮಲವು ಯಾರ ತಲೆಯ ಮೇಲೆ ಹೋಯಿತು? ಅವೆಲ್ಲವೂ 'ಊರ ಹೊರಗೆ' ಹೋದವು. ಆ ಊರ ಹೊರಗೆ ಮನುಷ್ಯರ ಕೇರಿಗಳಿದ್ದವು. ಹೊಲಸನ್ನು ಅಲ್ಲಿಗೆ ಕಳಿಸಿದ ಸಮಾಜವೇ, ಹೊಲಸು ಅಲ್ಲಿದೆಯೆಂಬ ಕಾರಣವನ್ನು ಮುಂದೆ ಮಾಡಿ ಅಲ್ಲಿಯ ಜನರನ್ನು ಅಸ್ಪೃಶ್ಯರೆಂದಿತು. ಒಂದು ಕೇರಿಯ ಹೆಸರನ್ನೇ ಹೊಲಸಿನ ಹೆಸರಾಗಿ ಬಳಸುವ ಗಾದೆಯು ಇಂದಿಗೂ ಓದುಬರಹ ಬಲ್ಲವರ ಬಾಯಲ್ಲಿ ಸಹಜವಾಗಿ ಬರುವದು. ಇಲ್ಲಿ ಆದ ತರ್ಕದೋಷವನ್ನು ಪಾಠಶಾಲೆಯ ಬಾಲಕನೂ ಗುರುತಿಸಬಲ್ಲನು: ತಾನು ಮಾಡಿದ ಕಾರ್ಯವನ್ನು ಕಾರಣವೆಂದು ಹೇಳಿದ್ದಾಯಿತು. ತೊಟ್ಟಿಯನ್ನು ವಾಚಮನ್ನನ ಬಾಗಿಲಲ್ಲಿ ಇಟ್ಟು, ಆರು ತಿಂಗಳ ತರುವಾಯ "ಆ ಖೋಲಿಯ ಕಡೆಗೆ ಮಕ್ಕಳನ್ನು ಬಿಡಬೇಡಿರಿ, ಅಲ್ಲಿ ಹೊಲಸು" ಎಂದು ತಾಯಂದಿರು ಹೇಳತೊಡಗಿದರೆ ಅದೇ ದೋಷವು ಹೊಸ ಕಟ್ಟಡದಲ್ಲಿ ಮರುಹುಟ್ಟು ಪಡೆದಂತಾಗುವದು.

ಪ್ರಾಚೀನ ಶಾಸ್ತ್ರಕಾರರು ಈ ವಿಷಯವನ್ನು ಉಪೇಕ್ಷಿಸಿಲ್ಲ. ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿ ದೊರೆತ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗವೂ, ಕೆಸರುನೀರನ್ನು ನಿಲ್ಲಿಸಿದವನಿಗೆ ಕಾಲುಪಣವೂ, ರಾಜಮಾರ್ಗದಲ್ಲಿ ಮಾಡಿದರೆ ಅದರ ಇಮ್ಮಡಿಯೂ ದಂಡವೆಂದು ವಿಧಿಯಿದೆ. ಅದಕ್ಕಿಂತ ಸೂಕ್ಷ್ಮವಾದ ವಿಧಿಯು ಮನೆ ಕಟ್ಟುವ ಪ್ರಕರಣದಲ್ಲಿ ಬರುವದು. ಒಬ್ಬನ ಗುಂಡಿ, ಮೋರಿ, ತಿಪ್ಪೆಗಳಿಂದ ಹೊರಗಿನವರಿಗೆ ಬಾಧೆಯಾದರೆ, ಅಥವಾ ನೆರೆಯವನು ತನ್ನ ಮನೆಯನ್ನು ಅನುಭವಿಸುವದಕ್ಕೆ ಅಡ್ಡಿಯಾದರೆ ಅದು ಅಪರಾಧ. ನೆರೆಯವನ ಜಾಗವನ್ನು ಒತ್ತದಿದ್ದರೂ ಅವನ ಅನುಭೋಗವನ್ನು ಕೆಡಿಸಿದರೆ ಸಾಕು, ತಪ್ಪಾಯಿತು. ಮುದುಕನು 'ಮೂಗು' ಎಂದದ್ದು ಇದನ್ನೇ. ಈ ವಿಧಿಗೆ ಒಂದು ಅಪವಾದವೂ ಉಂಟು: ಬಾಣಂತಿಯ ಸಲುವಾಗಿ ತೋಡಿದ ಕುಣಿಯನ್ನು ಹತ್ತು ದಿನಗಳವರೆಗೆ ಸಹಿಸಬೇಕು. ಅಗತ್ಯವು ನಿಜವಾಗಿದ್ದು, ಅವಧಿಯು ಗೊತ್ತಾಗಿದ್ದರೆ ನೆರೆಯವನು ಹೊಲಸನ್ನು ಸಹಿಸತಕ್ಕದ್ದು. ಗಡುವಿಲ್ಲದ ಭಾರವು ಬೇರೆ, ಗಡುವಿರುವ ಭಾರವು ಬೇರೆ.

ಮನುವಿನ ಮತದಲ್ಲಿ ಗೃಹಸ್ಥನಿಗೆ ಐದು ಹಿಂಸಾಸ್ಥಾನಗಳುಂಟು: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಇವನ್ನು ಬಳಸದೆ ಬದುಕಲಾಗದು, ಬಳಸಿದರೆ ಯಾವುದೋ ಜೀವಕ್ಕೆ ಹಿಂಸೆ ತಪ್ಪದು. ಆ ಪಾಪದ ನಿವಾರಣೆಗಾಗಿ ದಿನದಿನವೂ ಪಂಚಮಹಾಯಜ್ಞಗಳನ್ನು ಮಾಡಬೇಕೆಂದು ವಿಧಿಯಿದೆ. ಹಿಂಸೆಯು ಇರುವೆಗಳಿಗೆ ಆಗುವದೆಂದು ಹಿಂದಿನವರು ಎಣಿಸಿರಬಹುದು. ಇಂದಿನ ಗೃಹಸ್ಥನ ಕಸಬರಿಗೆಯು ಹಿಂಸಿಸುವದು ಮನುಷ್ಯರನ್ನು. ಮತದ ಮಾತನ್ನು ಬಿಟ್ಟರೂ ಇದರೊಳಗಿನ ನೀತಿಯು ಉಳಿಯುವದು: ಸ್ವಚ್ಛವಾದ ಮನೆಯು ತನಗೆ ಕಾಣದ ಯಾರಿಗೋ ಪ್ರತಿದಿನ ಋಣಿಯಾಗಿರುವದು, ಆ ಋಣವನ್ನು ಒಮ್ಮೆ ವರ್ಗಣಿ ಕೊಟ್ಟು ಹರಿಯಲಿಕ್ಕೆ ಬಾರದು.

ಇನ್ನು ತೊಟ್ಟಿಯ ಸ್ಥಳವನ್ನು ನಿರ್ಣಯಿಸಲಿಕ್ಕೆ ಸಾಮಾನ್ಯವಾಗಿ ಹೇಳಲ್ಪಡುವ ಮೂರು ಪಕ್ಷಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಮೊದಲನೆಯದು ಬಹುಜನಹಿತದ ಪಕ್ಷ. ಹೆಚ್ಚು ಜನರಿಗೆ ಅನುಕೂಲವಾಗಿ ಕಡಿಮೆ ಜನರಿಗೆ ತೊಂದರೆಯಾಗುವಲ್ಲಿ ಇಡಬೇಕೆಂದು ಇದರ ಹೇಳಿಕೆ. ಕೇಳಲಿಕ್ಕೆ ನ್ಯಾಯವಾಗಿ ತೋರುವದು. ಇದೇ ಲೆಕ್ಕದಿಂದ ಬೆಂಗಳೂರು ತನ್ನ ಕಸವನ್ನು ಸುತ್ತಲಿನ ಹಳ್ಳಿಗಳಿಗೆ ಕಳಿಸಿತು. ನಗರದಲ್ಲಿ ಬಹುಲಕ್ಷ ಜನ, ಹಳ್ಳಿಯಲ್ಲಿ ಕೆಲವು ಸಾವಿರ ಜನ. ಮಾವಳ್ಳಿಪುರದ ಕಸದ ರಾಶಿಯು 2012ರಲ್ಲಿ ಮುಚ್ಚಲ್ಪಟ್ಟಾಗ ನಗರದ ಬೀದಿಬೀದಿಗಳಲ್ಲಿ ಕಸವು ಗುಡ್ಡೆಯಾಯಿತು. ಭಾರವೆಲ್ಲವೂ ಮಂಡೂರಿನ ಮೇಲೆ ಬಿದ್ದಿತು. ಬಾವಿಯ ನೀರು ಕೆಟ್ಟಿತು, ನೊಣ ಮತ್ತು ದುರ್ನಾತದಲ್ಲಿ ಉಣ್ಣಲಾಗದು ಎಂದು ಮಂಡೂರಿನವರು 2014ರಲ್ಲಿ ರಸ್ತೆಯಲ್ಲಿ ಕುಳಿತರು. ಸರಕಾರವು ಗಡುವನ್ನು ಕೊಟ್ಟಿತು. ಆ ವರ್ಷದ ಡಿಸೆಂಬರ್ ಮೊದಲನೆಯ ದಿನದಿಂದ ಅಲ್ಲಿಗೆ ಕಸದ ಲಾರಿಗಳು ಹೋಗುವದು ನಿಂತಿತು. ಹಳೆಯ ರಾಶಿಯು ಅಲ್ಲಿಯೇ ಉಳಿಯಿತು. ಕಸವೇನೋ ನಿಲ್ಲಲಿಲ್ಲ, ಬಿಂಗೀಪುರ, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಎಂದು ಬೇರೆ ಬೇರೆ ಹೆಸರುಗಳು ಪತ್ರಿಕೆಗಳಲ್ಲಿ ಬರತೊಡಗಿದವು.

ಬಹುಜನಹಿತದ ಲೆಕ್ಕದಲ್ಲಿ ಎರಡು ದೋಷಗಳುಂಟು. ಹತ್ತು ಜನರ ಚಿಕ್ಕ ಅನುಕೂಲಗಳನ್ನು ಕೂಡಿಸಿ ಒಬ್ಬನ ದೊಡ್ಡ ಸಂಕಟದೊಡನೆ ತೂಗುವದು ಮೊದಲನೆಯ ದೋಷ. ಹತ್ತು ಮಂದಿಗೆ ಹತ್ತು ಹೆಜ್ಜೆ ಉಳಿತಾಯವಾದರೆ ಅದು ನೂರು ಹೆಜ್ಜೆಯ ಸುಖವಾಗಲಾರದು, ಯಾಕಂದರೆ ನೂರು ಹೆಜ್ಜೆಯ ಸುಖವನ್ನು ಅನುಭವಿಸಿದವನು ಯಾವನೂ ಇಲ್ಲ. ಸಂಕಟವನ್ನಾದರೋ ಒಬ್ಬನೇ ಇಡಿಯಾಗಿ ಅನುಭವಿಸುವನು. ಎರಡನೆಯ ದೋಷವೆಂದರೆ, ಕಡಿಮೆ ಜನರೆಂದು ಎಣಿಸಲ್ಪಡುವವರು ಪ್ರತಿಸಲವೂ ಅವರೇ ಆಗಿರುವದು. ಇಂದು ತೊಟ್ಟಿಯಲ್ಲಿ ಅಲ್ಪಸಂಖ್ಯರಾದವರು ನಾಳೆ ಮೋರಿಯಲ್ಲಿ, ನಾಡಿದ್ದು ಸುಡುಗಾಡಿನಲ್ಲಿ ಅಲ್ಪಸಂಖ್ಯರಾಗುವರು.

ಎರಡನೆಯದು ಬೆಲೆಯ ಪಕ್ಷ. ಯಾವನು ತೊಟ್ಟಿಯನ್ನು ತನ್ನ ಬಾಗಿಲಲ್ಲಿ ಸಹಿಸುವನೋ ಅವನಿಗೆ ಬಾಡಿಗೆಯಲ್ಲಿ ಕಡಿಮೆ ಮಾಡಿರಿ, ಅಥವಾ ಹಣ ಕೊಡಿರಿ. ಒಪ್ಪಿ ತೆಗೆದುಕೊಂಡವನಿಗೆ ಅನ್ಯಾಯವೆಲ್ಲಿಯದು ಎಂದು ಇವರ ಪ್ರಶ್ನೆ. ಇದರಲ್ಲಿ ಸತ್ಯಾಂಶವುಂಟು, ಭಾರ ಹೊತ್ತವನಿಗೆ ಪ್ರತಿಫಲವು ಸಲ್ಲಲೇಬೇಕು. ಆದರೆ ದೃಷ್ಟಾಂತಕ್ಕೆ ತಿರುಗಿ ನೋಡಬೇಕು. ಮುದುಕನ ಮಾತಿಗೆ ನಾಚಿ ಮಗನು ಮರುದಿನ ವಾಚಮನ್ನನ ಹೆಂಡತಿಯನ್ನು ಕೇಳಿದನೆಂದು ತಿಳಿಯೋಣ. ಅವಳು ಏನು ಹೇಳಿಯಾಳು? "ನೀವು ಹೆಂಗ ಹೇಳ್ತೀರಿ ಹಂಗ್ರೀ ಸಾಹೇಬ್ರ" ಎನ್ನುವಳು. ಹನ್ನೆರಡು ಮನೆಯವರಲ್ಲಿ ಯಾರೊಬ್ಬರು ಮುನಿದರೂ ಗಂಡನ ಕೆಲಸವೂ ತಲೆಯ ಮೇಲಿನ ಸೂರೂ ಹೋಗುವವೆಂಬುದನ್ನು ಅವಳು ಬಲ್ಲಳು. 'ಒಲ್ಲೆ' ಎನ್ನಲಿಕ್ಕೆ ಶಕ್ತಿಯಿಲ್ಲದವರ 'ಹೂಂ' ಎಂಬುದು ಒಪ್ಪಿಗೆಯಲ್ಲ. ಆದುದರಿಂದ ಕೇಳುವದು ಅವಶ್ಯ, ಆದರೆ ಕೇಳಿದಷ್ಟಕ್ಕೇ ಧರ್ಮವು ಪೂರ್ತಿಯಾಗದು. ಒಲ್ಲೆನೆನ್ನಲಾರದವರ ಸಲುವಾಗಿ ಒಲ್ಲೆನೆಂದು ಹೇಳಬೇಕಾದವನು ಸಭೆಯಲ್ಲಿ ಒಬ್ಬನಾದರೂ ಇರಬೇಕು. ಸಭೆಯೆಂಬುದು ಸಭ್ಯವಾಗುವದು ಅಂಥವನಿಂದ.

ಮೂರನೆಯದು ಚೀಟಿಯ ಪಕ್ಷ. ಅಣ್ಣತಮ್ಮಂದಿರು ಹಿಸೆಯಾಗುವಾಗ ಒಬ್ಬನು ಪಾಲು ಮಾಡಬೇಕು, ಇನ್ನೊಬ್ಬನು ಮೊದಲು ಆರಿಸಿಕೊಳ್ಳಬೇಕು ಎಂಬ ಯುಕ್ತಿಯನ್ನು ಹಳ್ಳಿಯ ಪಂಚರು ಚೆನ್ನಾಗಿ ಬಲ್ಲರು. ತನಗೆ ಯಾವ ಪಾಲು ಬರುವದೋ ತಿಳಿಯದವನು ಎಲ್ಲ ಪಾಲುಗಳನ್ನೂ ಸಮನಾಗಿ ಮಾಡುವನು. ಅಮೇರಿಕೆಯ ತತ್ತ್ವಜ್ಞಾನಿ ಜಾನ್ ರಾಲ್ಸ್ ಎಂಬುವರು 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಡೀ ಸಮಾಜದ ನ್ಯಾಯವನ್ನೇ ಇದಕ್ಕೆ ಹತ್ತಿರವಾದ ವಿಚಾರದ ಮೇಲೆ ನಿಲ್ಲಿಸಿರುವರು: ತಾನು ಯಾರ ಮನೆಯಲ್ಲಿ ಹುಟ್ಟುವೆನೆಂದು ತಿಳಿಯದವನು ಯಾವ ನಿಯಮಗಳನ್ನು ಒಪ್ಪುವನೋ ಅವೇ ನ್ಯಾಯವಾದ ನಿಯಮಗಳು. ಸಭೆಯಲ್ಲಿ ಕುಳಿತ ಹನ್ನೆರಡು ಯಜಮಾನರಿಗೂ, ನಾಳೆ ಬೆಳಿಗ್ಗೆ ಅವರಲ್ಲಿ ಯಾರಾದರೊಬ್ಬರು ವಾಚಮನ್ನನ ಖೋಲಿಯಲ್ಲಿ ಎಚ್ಚರಾಗುವರೆಂದು ಹೇಳಿದ್ದರೆ ಒಮ್ಮತವು ಅಷ್ಟು ಬೇಗ ಬರುತ್ತಿದ್ದಿಲ್ಲ.

ಈ ಮೂರನೆಯ ಪಕ್ಷವು ಹಿಂದಿನ ಎರಡಕ್ಕಿಂತ ಉತ್ತಮವಾದದ್ದು. ಆದರೂ ಚೀಟಿಗೆ ಕಣ್ಣಿಲ್ಲ. ಚೀಟಿಯೆತ್ತಿದಾಗ ತೊಟ್ಟಿಯು ದಮ್ಮಿನ ರೋಗದ ಮುದುಕಿಯ ಕಿಟಕಿಗೆ ಬರಬಹುದು. ನ್ಯಾಯವಾಗಿ ಬಂದಿತೆಂದು ಅವಳ ಉಸಿರು ಸರಾಗವಾಗುವದಿಲ್ಲ. ಎಲ್ಲರನ್ನೂ ಸಮನಾಗಿ ಕಾಣುವದು ಬೇರೆ, ಒಬ್ಬೊಬ್ಬನನ್ನೂ ಕಂಡು ನಡೆಯುವದು ಬೇರೆ. ಆದುದರಿಂದ ತೆರಪಿಲ್ಲದೆ ಒಬ್ಬರ ಮೇಲೆಯೇ ಬೀಳದಂತೆ ಪಾಳಿಯನ್ನು ಹಚ್ಚಬೇಕು. ಸಹಿಸಲಾರದವರನ್ನು ಪಾಳಿಯಿಂದ ಬಿಡಬೇಕು. ಪ್ರತಿಯೊಂದು ಪಾಳಿಗೂ ದಿನಗಳ ಎಣಿಕೆಯಿರಬೇಕು. ಕೌಟಿಲ್ಯನ ಹತ್ತು ದಿನಗಳ ಕುಣಿಯು ಕಲಿಸುವ ಪಾಠವು ಇದೇ.

ಇಷ್ಟಾದರೂ ಮುಖ್ಯವಾದ ಮಾತು ಉಳಿದೇ ಇದೆ. ತೊಟ್ಟಿಯನ್ನು ಎಲ್ಲಿ ಇಡಬೇಕೆಂದು ಜಗಳವಾಡುವವರು ತೊಟ್ಟಿಯಲ್ಲಿ ಏನನ್ನು ಇಡುವೆವೆಂದು ಕೇಳಿಕೊಳ್ಳುವದಿಲ್ಲ. ಒಣ ಕಾಗದವೂ ಗಾಜಿನ ಸೀಸೆಯೂ ನಾರುವದಿಲ್ಲ. ಕಾಯಿಪಲ್ಯದ ಸಿಪ್ಪೆಯೂ ಉಂಡುಳಿದ ಅನ್ನವೂ ಅಂದಂದೇ ಮಣ್ಣಿಗೆ ಸೇರಿದರೆ ಗೊಬ್ಬರವಾಗುವವು. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದಾಗ ಗಾಳಿಯಿಲ್ಲದೆ ಹಸಿಯದು ಕೊಳೆತು ನಾರುವದು, ಒಣದ್ದು ತೊಯ್ದು ಕೆಡುವದು. ಒಂದರಿಂದ ಇನ್ನೊಂದು ಹಾಳಾಗಿ ಎರಡೂ ಯಾರಿಗೂ ಬೇಡವಾಗುವವು. ಹೀಗಾಗಿ ಸ್ಥಳದ ಜಗಳದ ಬಹುಭಾಗವು ನಿಜವಾಗಿ ಬೆರಕೆಯ ಜಗಳವಾಗಿದೆ. ಹೊಲಸನ್ನು ಹುಟ್ಟಿಸುವದು ಅಡಿಗೆಮನೆಯಲ್ಲಿಯ ಅರೆನಿಮಿಷದ ಆಲಸ್ಯ.

ಈ ತಿಳಿವು ಹೊಸದಲ್ಲ. ಪ್ಯಾರಿಸ್ ಪಟ್ಟಣವಿದ್ದ ಸೇನ್ ಪ್ರಾಂತದ ಆಡಳಿತಾಧಿಕಾರಿಯಾದ ಯುಜೀನ್ ಪುಬೆಲ್ ಎಂಬವನು 1883ರಲ್ಲಿ ಆಜ್ಞೆಯನ್ನು ಹೊರಡಿಸಿ, ಪ್ರತಿಯೊಬ್ಬ ಮನೆಮಾಲೀಕನೂ ತನ್ನ ಬಿಡಾರದವರಿಗೆ ಮುಚ್ಚಳದ ತೊಟ್ಟಿಯನ್ನು ಒದಗಿಸಬೇಕೆಂದೂ, ಚಿಂದಿ ಕಾಗದಗಳನ್ನು ಬೇರೆ, ಗಾಜು ಪಿಂಗಾಣಿಗಳನ್ನು ಬೇರೆ ಇಡಬೇಕೆಂದೂ ಕಟ್ಟುಮಾಡಿದನು. ಮಾಲೀಕರು ಖರ್ಚಿಗಾಗಿ ಗೊಣಗಿದರು. ಚಿಂದಿ ಆಯುವ ಬಡವರು ಹೊಟ್ಟೆಯ ಮೇಲೆ ಹೊಡೆತ ಬಿದ್ದಿತೆಂದು ಕೂಗಿದರು. ಫ್ರೆಂಚ್ ಭಾಷೆಯಲ್ಲಿ ಇಂದು ಕಸದ ತೊಟ್ಟಿಗೆ ಆತನ ಹೆಸರೇ ನಾಮಪದವಾಗಿ ಉಳಿದಿದೆ. ಭಾರತದಲ್ಲಿ ಬೆಂಗಳೂರು ನಿವಾಸಿಗಳಾದ ಅಲ್ಮಿತ್ರಾ ಪಟೇಲರು 1996ರಲ್ಲಿ ಸುಪ್ರೀಮ್ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ದೆಸೆಯಿಂದ 2000ದಲ್ಲಿ ನಗರಗಳ ಘನತ್ಯಾಜ್ಯದ ನಿಯಮಗಳು ಬಂದವು. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮೂರು ಬಗೆಯಾಗಿ ಕಸವನ್ನು ಅದು ಹುಟ್ಟಿದ ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದವು. ಅದಕ್ಕೆ ತುಸು ಮುಂಚೆ 2015ರ ಡಿಸೆಂಬರ್ 17ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಬಳಸಿ ಬಿಟ್ಟ ಹೊಲಸಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮನೆಯ ಗೃಹಿಣಿಯು ಯಾವ ಬುಟ್ಟಿಯಲ್ಲಿ ಏನು ಹಾಕಬೇಕೆಂದು ಉಚ್ಚ ನ್ಯಾಯಾಲಯವು ಹೇಳಬೇಕಾಗಿ ಬಂದದ್ದು ನ್ಯಾಯಾಲಯಕ್ಕೆ ಭೂಷಣವಾದರೂ ನಾಗರಿಕರಿಗೆ ಭೂಷಣವಲ್ಲ.

ಪಟ್ಟಣದ ಈ ಪ್ರಶ್ನೆಯು ಹಳ್ಳಿಯ ಬಾಗಿಲಿಗೂ ಬಂದಿದೆ. ಅಂಗಡಿಯ ಸಾಮಾನುಗಳ ಸಂಗಡ ಪ್ಲಾಸ್ಟಿಕ್ ಬಂದ ಮೇಲೆ ತಿಪ್ಪೆಯ ಗೊಬ್ಬರದಲ್ಲಿ ಚೀಟುಗಳೂ ಚೀಲಗಳೂ ಸೇರಿ ಹೊಲಕ್ಕೆ ಹೋಗತೊಡಗಿವೆ. ಮಣ್ಣು ಅವನ್ನು ಒಪ್ಪಿಕೊಳ್ಳುವದಿಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಗಳು 'ಸ್ವಚ್ಛ ಸಂಕೀರ್ಣ'ಗಳೆಂಬ ಘಟಕಗಳನ್ನು ಕಟ್ಟಿಸತೊಡಗಿವೆ. ಅನೇಕ ಊರುಗಳಲ್ಲಿ ಹೆಣ್ಣುಮಕ್ಕಳೇ ಕಸದ ವಾಹನಗಳನ್ನು ನಡೆಸುತ್ತಿರುವರು. ಇದು ಸಂತೋಷದ ಸಂಗತಿ. ಆದರೆ ಘಟಕವನ್ನು ಎಲ್ಲಿ ಕಟ್ಟಬೇಕೆಂದು ಗ್ರಾಮಸಭೆಯು ಕುಳಿತಾಗ 'ಊರ ಹೊರಗೆ' ಎಂಬ ಹಳೆಯ ಶಬ್ದವು ಪುನಃ ಕೇಳಿಸುವದು. ಆಗ ಯಾರಾದರೊಬ್ಬರು ಎದ್ದು, ಆ ಹೊರಗೆ ಯಾರ ಮನೆಯಿದೆ, ಅವರು ಸಭೆಗೆ ಬಂದಿರುವರೋ ಎಂದು ಕೇಳಬೇಕು.

ಸಂಸ್ಕೃತದಲ್ಲಿ ಘಟ್ಟಕುಟೀಪ್ರಭಾತವೆಂಬ ಒಂದು ನ್ಯಾಯವುಂಟು. ಸುಂಕ ತಪ್ಪಿಸಬೇಕೆಂದು ವ್ಯಾಪಾರಿಯೊಬ್ಬನು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ನಡೆದನಂತೆ. ಬೆಳಗಾದಾಗ ನೋಡಿದರೆ ಸುಂಕದ ಕಟ್ಟೆಯ ಮುಂದೆಯೇ ನಿಂತಿದ್ದನಂತೆ. ಕಸವನ್ನು ಕತ್ತಲೆಯಲ್ಲಿ ದೂರ ಎಸೆದವನ ಗತಿಯೂ ಇದೇ. ಹುಬ್ಬಳ್ಳಿಯ ಕಸವು ವರ್ಷಗಟ್ಟಲೆ ಗುಡ್ಡೆಯಾಗುತ್ತ ಬಂದದ್ದು ಕಾರವಾರ ರಸ್ತೆಯಲ್ಲಿ. ಆ ರಾಶಿಗೆ ಬೆಂಕಿ ಹತ್ತಿದಾಗ ಹೊಗೆಯು ಪಟ್ಟಣದ ಮೇಲೆಯೇ ಬರುವದು. ಕಲಘಟಗಿ, ದೇವಿಕೊಪ್ಪಗಳ ಕಡೆಯ ಜನರು ಹುಬ್ಬಳ್ಳಿಯ ಬಜಾರಕ್ಕೂ ದವಾಖಾನೆಗೂ ಬರುವದು ಅದೇ ಹಾದಿಯಿಂದ. ಪಟ್ಟಣದಲ್ಲಿರುವ ಮಗನು ಎಸೆದದ್ದರ ವಾಸನೆಯನ್ನು ಮಗನನ್ನು ನೋಡಲಿಕ್ಕೆ ಬರುವ ತಂದೆಯು ಕುಡಿಯುವನು.

ಕಡೆಯದಾಗಿ, ತೊಟ್ಟಿಯನ್ನು ಎತ್ತುವ ಕೈಯ ವಿಚಾರ. ಸ್ಥಳನಿರ್ಣಯವಾಗುವಾಗ ಮನೆಯವರ ಕಣ್ಣು, ಮೂಗು, ಹೆಜ್ಜೆಗಳು ಲೆಕ್ಕಕ್ಕೆ ಬರುವವು. ಪೌರಕಾರ್ಮಿಕನ ಬೆನ್ನು ಲೆಕ್ಕಕ್ಕೆ ಬರುವದಿಲ್ಲ. ಮೆಟ್ಟಿಲ ಕೆಳಗಿನ ಇಕ್ಕಟ್ಟಿನಿಂದ ತುಂಬಿದ ತೊಟ್ಟಿಯನ್ನು ಬಗ್ಗಿ ಎಳೆಯಬೇಕಾದವನನ್ನು ಕೇಳಿದ್ದರೆ ಆತನು ಬೇರೆ ಸ್ಥಳವನ್ನು ತೋರಿಸುತ್ತಿದ್ದನು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತದೆ ಹಾಕಿದ ಮನೆಯವರು ಅದು ಯಾರ ಬೆರಳನ್ನು ಕೊಯ್ಯಿತೆಂದು ಅರಿಯರು. ಕನ್ನಡನಾಡಿಗೆ ಈ ವಿಷಯದಲ್ಲಿ ಒಳ್ಳೆಯ ಪರಂಪರೆಯೂ ಉಂಟು. ಶರಣರ ಅಂಗಳವನ್ನು ಗುಡಿಸುವದೇ ಸತ್ಯಕ್ಕನ ಕಾಯಕವಾಗಿತ್ತೆಂದು ಹೇಳಿಕೆಯಿದೆ. ಹನ್ನೆರಡನೆಯ ಶತಮಾನದ ಆ ಶರಣೆಯ ಕೈಯ ಕಸಬರಿಗೆಯು ಅವಳ ವಚನಕ್ಕೆ ಕುಂದು ತರಲಿಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡಿದಾಗ ನೈರ್ಮಲ್ಯದ ಕೆಲಸಕ್ಕೆ ಸ್ವಯಂಸೇವಕರು ಕೈ ಹಚ್ಚಿದರು. 1970ರ ದಶಕದ ಆರಂಭದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶದ ಮಟ್ಟಿಗೆ ಬಿಗಿಯಾದ ಕಾಯಿದೆಯು ಬಂದದ್ದು 2013ರಲ್ಲಿ. ಸಮಾಜವು ಎಷ್ಟು ನಿಧಾನವಾಗಿ ನಾಚಿಕೊಳ್ಳುವದೆಂಬುದಕ್ಕೆ ಈ ಎರಡು ಕಾಲಗಳ ನಡುವಿನ ನಾಲ್ವತ್ತು ವರ್ಷಗಳೇ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಎಲ್ಲರನ್ನೂ ಕೇಳುತ್ತ, ಎಲ್ಲರ ಸಂಕಟವನ್ನೂ ತೂಗುತ್ತ ಕುಳಿತರೆ ತೊಟ್ಟಿಯನ್ನು ಇಡಲಿಕ್ಕೆ ಸ್ಥಳವೇ ಸಿಕ್ಕದು. ಅಷ್ಟರಲ್ಲಿ ಕಸವು ಕೊಳೆಯುವದು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಯಾರಿಗೂ ಬಾಧೆಯಿಲ್ಲದ ಸ್ಥಳವಿಲ್ಲವೆಂದು ಮೊದಲೇ ಒಪ್ಪಿದ್ದಾಗಿದೆ. ಎಲ್ಲಿಯೋ ಒಂದು ಕಡೆ ಇಡಲೇಬೇಕು, ಯಾರಿಗೋ ಒಬ್ಬರಿಗೆ ತೊಂದರೆಯಾಗಲೇಬೇಕು. ಧರ್ಮವು ಆ ತೊಂದರೆಯನ್ನು ಇಲ್ಲದಂತೆ ಮಾಡಲಾರದು. ಅದನ್ನು ಹಂಚುವ ರೀತಿಯನ್ನು ಮಾತ್ರ ಕಲಿಸಬಲ್ಲದು. ಆದುದರಿಂದ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಪ್ರತಿಯೊಂದು ಮನೆಯೂ ತನ್ನ ಕಸವನ್ನು ಮೊದಲು ಕಡಿಮೆ ಮಾಡಿ, ಬೇರ್ಪಡಿಸಿ, ಹೊರುವ ಭಾರವನ್ನು ಹಗುರ ಮಾಡಬೇಕು. ಭಾರವು ಯಾರ ಬಾಗಿಲಿಗೆ ಬರುವದೋ ಅವರನ್ನೂ, ತೊಟ್ಟಿಯನ್ನು ಎತ್ತುವವನನ್ನೂ ಸಭೆಯಲ್ಲಿ ಕೂಡ್ರಿಸಿಕೊಂಡು ನಿರ್ಣಯಿಸಬೇಕು. ಮಾತಾಡಲಾರದವರ ಪರವಾಗಿ ಮಾತಾಡಬಲ್ಲವರು ಮಾತಾಡಬೇಕು. ಗಡುವಿಲ್ಲದೆ ಯಾರ ಬಾಗಿಲಲ್ಲಿಯೂ ಇಡಬಾರದು. ಇಟ್ಟ ಸ್ಥಳವನ್ನು ಹೊಲಸೆಂದು ಕರೆದು ಅಲ್ಲಿಯವರನ್ನು ಕೀಳಾಗಿ ಕಾಣಬಾರದು.

ಈ ಐದನ್ನೂ ನೆನಪಿನಲ್ಲಿಡುವದು ಕಠಿಣವೆನಿಸಿದರೆ ಒಂದು ಸುಲಭವಾದ ಪರೀಕ್ಷೆಯುಂಟು. ಸಭೆಯಲ್ಲಿ ಯಾವನು ಸ್ಥಳವನ್ನು ಸೂಚಿಸುವನೋ ಅವನು ಮೊದಲನೆಯ ತಿಂಗಳು ತೊಟ್ಟಿಗಳನ್ನು ತನ್ನ ಬಾಗಿಲಲ್ಲಿ ಇರಿಸಿಕೊಳ್ಳತಕ್ಕದ್ದು. ಹನ್ನೆರಡು ಮನೆಗಳ ಪೈಕಿ ಮೊದಲನೆಯ ತಿಂಗಳನ್ನು ದೇವಿಕೊಪ್ಪದ ಮುದುಕನ ಮಗನು ಒಪ್ಪಿಕೊಂಡರೆ, ಮುಚ್ಚಳವು ಸರಿಯಾಗಿ ಕೂಡ್ರದೆ ಇರುವದು ಅವನಿಗೆ ಎರಡನೆಯ ದಿನವೇ ತಿಳಿಯುವದು. ಮೇಲಿನ ಮನೆಯವರು ಹಸಿಯನ್ನೂ ಒಣದ್ದನ್ನೂ ಕೂಡಿಸಿ ಹಾಕುವದು ಮೂರನೆಯ ದಿನ ತಿಳಿಯುವದು. ಗಾಡಿಯು ಯಾವ ಹೊತ್ತಿಗೆ ಬರುವದು, ಅದನ್ನು ತಂದವನ ಹೆಸರೇನು ಎಂಬುದು ವಾರದೊಳಗೆ ತಿಳಿಯುವದು. ಅಷ್ಟು ತಿಳಿದವನು ತಿಂಗಳ ಕಡೆಯಲ್ಲಿ ತೊಟ್ಟಿಯನ್ನು ವಾಚಮನ್ನನ ಖೋಲಿಯ ಮುಂದೆ ತಳ್ಳುವದಕ್ಕೆ ಮುಂಚೆ ಒಂದು ಕ್ಷಣವಾದರೂ ನಿಲ್ಲುವನು. ನಿಂತವನು ತಳ್ಳಲಾರನೆಂದು ಖಾತ್ರಿಯಿಲ್ಲ. ಆದರೆ ನಿಲ್ಲದೆ ತಳ್ಳುವದು ಮಾತ್ರ ಅವನಿಂದ ಇನ್ನು ಆಗದು.